ಸಾರ್ಜೆಂಟ್ ಮೇಲಿನ ಆರೋಪ: ಕೋಡಿಬಾಗದ ಒಂದು ಉಪ್ಪುನೀರಿನ ಟ್ಯಾಂಕಿನ ಕಥೆ

ಆಗಸ್ಟ್ 2ರ ರಾತ್ರಿ ಅಕ್ಕನ ಫೋನ್ ಬಂತು. "ಮೂರನೆಯದೂ ಹೋಯ್ತು ಮಾರಾಯಾ. ಆ ಪಟ್ಟೆಯವನನ್ನು ನೀನು ತಗೊಂಡು ಹೋಗು. ಇಲ್ಲಾಂದ್ರೆ ನಾನೇ ಸಾರು ಮಾಡಿಬಿಡ್ತೇನೆ."

ಪಟ್ಟೆಯವನು ಅಂದರೆ ಅವರ ಮನೆಯ ಅಕ್ವೇರಿಯಂನ ಸಾರ್ಜೆಂಟ್ ಮೀನು. ಮೈಮೇಲೆ ಅಡ್ಡ ಕಪ್ಪು ಪಟ್ಟೆ, ಬೆನ್ನಿಗೆ ಸ್ವಲ್ಪ ಹಳದಿ. ಆ ಪಟ್ಟೆಗಳಿಂದಲೇ ಅದಕ್ಕೆ ಸಾರ್ಜೆಂಟ್ ಎಂಬ ಹೆಸರು. ನೌಕಾನೆಲೆಯ ಊರಲ್ಲಿ ಬೆಳೆದ ನನ್ನ ಅಳಿಯ, ಅಂದರೆ ಅಕ್ಕನ ಮಗ, ಈ ಹೆಸರಿಗೆ ಮರುಳಾಗಿದ್ದ. ನೌಕಾಪಡೆಯಲ್ಲಿ ಸಾರ್ಜೆಂಟ್ ಅನ್ನೋ ಹುದ್ದೆಯೇ ಇಲ್ಲ, ಅದು ವಾಯುಪಡೆಯದ್ದು ಅಂತ ಹೇಳಿದರೂ ಕೇಳಲಿಲ್ಲ.

ಆಮೇಲಿನ ಆರು ವಾರಗಳಲ್ಲಿ ಆ ಟ್ಯಾಂಕಿನಲ್ಲಿ ಏನಾಯಿತು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ನಾನು ತಪ್ಪು ಮಾಡಿದ ಜಾಗಗಳನ್ನೂ ಬಿಟ್ಟಿಲ್ಲ. ನಿಜ ಹೇಳಬೇಕೆಂದರೆ ಕಲಿತದ್ದೆಲ್ಲ ಆ ಜಾಗಗಳಲ್ಲೇ.

ಟ್ಯಾಂಕ್, ಮತ್ತು ಒಳಗಿದ್ದವರು

ಅಕ್ಕನ ಮನೆ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಟ್ಯಾಂಕ್ 48 ಇಂಚು ಉದ್ದ, 18 ಇಂಚು ಅಗಲ, 18 ಇಂಚು ಎತ್ತರ. ಲೆಕ್ಕಕ್ಕೆ ಸುಮಾರು 255 ಲೀಟರ್. ಕಲ್ಲು, ಮರಳು ಕಳೆದರೆ ನಿಜವಾದ ನೀರು 210 ಲೀಟರ್ ಇದ್ದೀತು. ಕೆಳಗೆ ಕಬೋರ್ಡಿನಲ್ಲಿ ಚಿಕ್ಕದೊಂದು ಸಂಪ್. ಮನೆ ಅಂಗಳದ ನೀರಿನ ಸಂಪ್ ಅಲ್ಲ, ಫಿಲ್ಟರ್ ಮತ್ತು ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಉಪಕರಣ) ಇಡುವ ಗಾಜಿನ ಪೆಟ್ಟಿಗೆ. ಭಾವನಿಗೆ ಈ ಹೆಸರು ಎಷ್ಟು ಸಲ ಹೇಳಿದರೂ ಗೊಂದಲವೇ.

ಒಳಗಿದ್ದವರು ಯಾರು? ಸಾರ್ಜೆಂಟ್ ಒಬ್ಬ. ಕಳೆದ ವರ್ಷದ ಬೇಸಿಗೆಯಲ್ಲಿ ಮಾಜಾಳಿ ಕಡೆ, ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನಿಂತ ನೀರಲ್ಲಿ ಅಳಿಯ ಹಿಡಿದದ್ದು. ಆಗ ಹೆಬ್ಬೆಟ್ಟಿನ ಉಗುರಿನಷ್ಟಿತ್ತು. ಈಗ ಮೂರೂವರೆ ಇಂಚು. ಇನ್ನೂ ಬೆಳೆಯುತ್ತದೆ, ಆರು ಇಂಚು ದಾಟುವ ಜಾತಿ ಅದು. ಜೊತೆಗೆ ಕ್ಲೌನ್ ಮೀನಿನ ಜೋಡಿ, ಒಂದು ಮೂರು ಇಂಚು, ಇನ್ನೊಂದು ಎರಡು. ಕಿತ್ತಳೆ ಮೈ, ಬಿಳಿ ಪಟ್ಟಿ, ನೋಡಿದವರೆಲ್ಲ "ಎಷ್ಟು ಚಂದ" ಅನ್ನುವ ಮೀನು. ಐದು ಹಸಿರು ಕ್ರೋಮಿಸ್. ಒಂದು ಫೈರ್‌ಫಿಷ್, ತೀರಾ ಪುಕ್ಕಲು.

ಅಕ್ಕ ಫೋನ್ ಮಾಡುವ ಹೊತ್ತಿಗೆ ಮೂರು ಕ್ರೋಮಿಸ್ ಸತ್ತಿದ್ದವು. ಬಾಲ ಹರಿದಿತ್ತು, ಹೊಟ್ಟೆಯ ಪಕ್ಕ ಹುರುಪೆ ಎದ್ದಿತ್ತು. ಫೈರ್‌ಫಿಷ್ ಜುಲೈನಲ್ಲೇ ಟ್ಯಾಂಕಿನಿಂದ ಹಾರಿ ಗೋಡೆ ಮೂಲೆಯಲ್ಲಿ ಒಣಗಿ ಸಿಕ್ಕಿತ್ತು. ಫೈರ್‌ಫಿಷ್ ಸುಮ್ನೆ ಹಾರುವುದಿಲ್ಲ, ಬೆದರಿದರೆ, ಯಾರಾದರೂ ಅಟ್ಟಿಸಿಕೊಂಡು ಬಂದರೆ ಹಾರುತ್ತದೆ. ಟ್ಯಾಂಕಿಗೆ ಮುಚ್ಚಳ ಇರಲಿಲ್ಲ. ಅದು ಮೀನಿನ ತಪ್ಪಲ್ಲ, ನಮ್ಮ ತಪ್ಪು. ಮೊದಲ ದಿನವೇ ಸೊಳ್ಳೆ ಪರದೆಯ ನೆಟ್ ತುಂಡನ್ನು ಚೌಕಟ್ಟಿಗೆ ಬಿಗಿದು ಮೇಲೆ ಇಟ್ಟೆವು.

ಮೊದಲ ತೀರ್ಪು

ಹೋದ ಕೂಡಲೇ ನೀರು ಪರೀಕ್ಷೆ ಮಾಡಿದೆ. ಅಮೋನಿಯಾ ಕಾಣಲಿಲ್ಲ. ನೈಟ್ರೇಟ್ ಸ್ವಲ್ಪ ಜಾಸ್ತಿ. ಉಷ್ಣತೆ 27 ಡಿಗ್ರಿ. ಉಪ್ಪಿನಂಶ ಮಾತ್ರ ಕಡಿಮೆ. ಸಾಂದ್ರತೆ 1.025ರ ಹತ್ತಿರ ಇರಬೇಕಾದದ್ದು 1.019 ತೋರಿಸಿತು. ಇದಕ್ಕೆ ಕಾರಣ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಾವ ಮಳೆಗಾಲದಲ್ಲೂ ಸಮುದ್ರದ ನೀರನ್ನೇ ತಂದು ಬದಲಿಸುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಳಿ ತುಂಬಿ ಹರಿಯುತ್ತದೆ, ದಡದ ನೀರು ಅರ್ಧ ಹೊಳೆ ನೀರೇ. ಕಣ್ಣಿಗೆ ಸಮುದ್ರ, ನಾಲಿಗೆಗೆ ಅಲ್ಲ. ಮಳೆಗಾಲ ಮುಗಿಯುವವರೆಗೆ ಪ್ಯಾಕೆಟ್ ಉಪ್ಪು ಬಳಸಿ ಅಂದೆ, ಒಂದು ವಾರದಲ್ಲಿ ನಿಧಾನಕ್ಕೆ 1.024ಕ್ಕೆ ತಂದೆವು. ಆದರೆ ಬಾಲ ಹರಿದದ್ದು ಉಪ್ಪು ಕಡಿಮೆಯಾಗಿ ಅಲ್ಲ. ಅದು ಹಲ್ಲಿನ ಕೆಲಸ.

ಯಾರ ಹಲ್ಲು? ಮನೆಯವರೆಲ್ಲ ಸಾರ್ಜೆಂಟ್ ಕಡೆ ಕೈ ತೋರಿಸಿದರು. ನಾನೂ ತೋರಿಸಿದೆ. ಡ್ಯಾಮ್ಸೆಲ್ ಕುಟುಂಬದ ಮೀನು, ಚಿಕ್ಕದಿದ್ದಾಗ ಮುದ್ದು, ದೊಡ್ಡದಾದ ಮೇಲೆ ರೌಡಿ ಅಂತ ಈ ಹವ್ಯಾಸದಲ್ಲಿ ಇರುವವರೆಲ್ಲ ಹೇಳುತ್ತಾರೆ. ಕ್ಲೌನ್ ಕೂಡ ಅದೇ ಕುಟುಂಬದ್ದು ಅನ್ನೋದು ಮಾತ್ರ ಆ ಹೊತ್ತಿಗೆ ಯಾರ ತಲೆಗೂ ಬರುವುದಿಲ್ಲ. ನನ್ನ ತಲೆಗೂ ಬರಲಿಲ್ಲ. ಮೇಲಾಗಿ ಸಾರ್ಜೆಂಟ್ ನಮ್ಮೆದುರೇ ಕ್ರೋಮಿಸ್‌ಗಳನ್ನು ಓಡಿಸುತ್ತಿತ್ತು. ಆಹಾರ ಹಾಕಿದರೆ ಮೊದಲ ಮೂರು ಬಾಯಿ ಅದರದ್ದೇ.

ಅಳಿಯ ಆಗಲೇ ಒಂದು ಉಪಾಯ ಮಾಡಿ ಮುಗಿಸಿದ್ದ. ಟ್ಯಾಂಕಿನ ಬಲಗಡೆ ಹೊರಗೆ ಕನ್ನಡಿ ಅಂಟಿಸಿದ್ದ. ಮೊದಲ ದಿನ ಸಾರ್ಜೆಂಟ್ ಇಡೀ ಹೊತ್ತು ತನ್ನ ಬಿಂಬದ ಜೊತೆ ಜಗಳಕ್ಕೆ ನಿಂತಿತಂತೆ. ಮೂರನೇ ದಿನಕ್ಕೆ ಅದಕ್ಕೆ ಬೇಜಾರು ಬಂತು. ಹೊಸ ಮೀನು ಬಿಟ್ಟ ದಿನ ನಾಲ್ಕಾರು ಗಂಟೆ ಗಮನ ಬೇರೆ ಕಡೆ ಸೆಳೆಯಲು ಕನ್ನಡಿ ಸರಿ. ಖಾಯಂ ಇಟ್ಟರೆ ಮೀನಿಗೂ ಹಿಂಸೆ, ಉಪಯೋಗವೂ ಇಲ್ಲ.

ಸಾರ್ಜೆಂಟನ್ನು ಹಿಡಿಯುವುದೇ ಒಂದು ದೊಡ್ಡ ಕೆಲಸವಾಯಿತು. ಬಲೆ ನೀರಿಗೆ ಹೋದರೆ ಅದು ಕಲ್ಲಿನೊಳಗೆ. ಕಲ್ಲು ಎತ್ತಿದರೆ ಇನ್ನೊಂದು ಕಲ್ಲಿನೊಳಗೆ. ಕೊನೆಗೆ ಎರಡು ಲೀಟರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ಸಿಕ್ಕಿಸಿ, ಸಿಗಡಿ ಚೂರು ಹಾಕಿ ಇಟ್ಟೆವು. ಮಳೆಗಾಲದಲ್ಲಿ ಗದ್ದೆ ತೋಡಿಗೆ ಇಡುವ ಕೂಳಿಯ ಉಪಾಯವೇ ಇದು, ಒಳಗೆ ಹೋಗಲು ದಾರಿ ಅಗಲ, ಹೊರಗೆ ಬರಲು ದಾರಿ ಕಾಣುವುದಿಲ್ಲ. ಮೊದಲ ದಿನ ದೊಡ್ಡ ಕ್ಲೌನ್ ಸಿಕ್ಕಿತು, ಬಿಟ್ಟೆವು. (ಈಗ ಯೋಚಿಸಿದರೆ ನಗು ಬರುತ್ತದೆ. ಆರೋಪಿ ತಾನಾಗಿ ಬಂದು ಜೈಲಲ್ಲಿ ಕೂತಿತ್ತು, ನಾವೇ ಬಾಗಿಲು ತೆಗೆದು ಕಳಿಸಿದೆವು.) ಒಂದು ದಿನ ಆಹಾರ ನಿಲ್ಲಿಸಿದ ಮೇಲೆ, 8ರ ಬೆಳಿಗ್ಗೆ ಸಾರ್ಜೆಂಟ್ ಬಾಟಲಿಯೊಳಗೆ ಇತ್ತು. ಅದನ್ನು ಸ್ಪಂಜ್ ಫಿಲ್ಟರ್ ಹಾಕಿದ ದೊಡ್ಡ ಟಬ್ಬಿಗೆ ಸಾಗಿಸಿದೆವು.

ಅದೇ ದಿನ ನಾನು ಇನ್ನೊಂದು ಕೆಲಸವನ್ನೂ ಮಾಡಿದೆ. ಟ್ಯಾಂಕಿನ ಕಲ್ಲುಗಳನ್ನೆಲ್ಲ ಸ್ಥಳ ಬದಲಿಸಿ ಜೋಡಿಸಿದೆ. ಇದು ಎಲ್ಲರೂ ಹೇಳುವ ಸಲಹೆ, ಸುಳ್ಳೇನೂ ಅಲ್ಲ. ಮೀನು ಕಾಯುವುದು ಒಂದು ಜಾಗವನ್ನು, ಆ ಜಾಗದ ಗುರುತೇ ಅಳಿಸಿಹೋದರೆ ಎಲ್ಲರೂ ಹೊಸದಾಗಿ ಶುರು ಮಾಡಬೇಕು. ಆದರೆ ಒಂದೇ ದಿನ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗಬೇಕು? ಇದು ನನ್ನ ಮೊದಲ ತಪ್ಪು.

ಟ್ಯಾಂಕ್ ಶಾಂತವಾಯಿತು. ಒಂದು ದಿನ, ಎರಡು ದಿನ, ಆರು ದಿನ. ಉಳಿದ ಎರಡು ಕ್ರೋಮಿಸ್ ನಡುನೀರಿಗೆ ಬಂದು ಆರಾಮಾಗಿ ತಿಂದವು. ಅಕ್ಕ ಫೋನಿನಲ್ಲಿ "ನೋಡು, ನಾನು ಹೇಳಿದ್ದೇ ಸರಿ ಅಲ್ವಾ" ಅಂದಳು. ನಾನೂ ಹೌದು ಅಂದೆ.

ಆಗಸ್ಟ್ 15, ಬೆಳಿಗ್ಗೆ. ಧ್ವಜಾರೋಹಣ ಮುಗಿಸಿ ಬಂದ ಅಳಿಯನ ಫೋನ್. "ಮಾವ, ಒಂದು ಕ್ರೋಮಿಸ್‌ನ ಬಾಲ ಅರ್ಧ ಇಲ್ಲ."

ಹಾಲಿನ ಕ್ಯಾಲೆಂಡರ್

ಸಾರ್ಜೆಂಟ್ ಟಬ್ಬಿನಲ್ಲಿತ್ತು. ಹಾಗಾದರೆ ಇದು ಯಾರು?

ಕ್ರೋಮಿಸ್‌ಗಳೇ ಇರಬಹುದು ಅಂತ ಮೊದಲು ಅನಿಸಿತು. ಅವು ಗುಂಪಿನ ಮೀನು ಅಂತ ಅಂಗಡಿಯಲ್ಲಿ ಐದಾರು ಕೊಡುತ್ತಾರೆ. ಮನೆಯ ಟ್ಯಾಂಕಿನಲ್ಲಿ ಅವು ಮೇಲು ಕೀಳು ಅಂತ ಕಚ್ಚಾಡಿ, ದುರ್ಬಲವಾದದ್ದನ್ನು ಒಂದೊಂದಾಗಿ ಮುಗಿಸುವುದು ತುಂಬ ಜನ ಕಂಡ ಸಂಗತಿ. ಆದರೆ ಅದು ನಿಧಾನದ ಕಿರುಕುಳ. ಒಂದೇ ರಾತ್ರಿಯಲ್ಲಿ ಬಾಲ ಅರ್ಧ ಹೋಗುವಂಥದ್ದಲ್ಲ.

ಅಕ್ಕನ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಗೋಡೆಯ ಕ್ಯಾಲೆಂಡರ್ ನೋಡಿದೆ. ಅಕ್ಕ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಎಲ್ಲ ಅದರಲ್ಲೇ ಬರೆಯುತ್ತಾಳೆ. ಮೀನು ಸತ್ತ ದಿನವೂ ಅಲ್ಲಿತ್ತು. ಜುಲೈ 3ಕ್ಕೆ "ಮೀನು 1". ಜುಲೈ 18ಕ್ಕೆ "ಮೀನು 1", ಮರುದಿನ "ಕೆಂಪು ಬಾಲದ್ದು ಹಾರಿತು". ಆಗಸ್ಟ್ 2ಕ್ಕೆ "ಮೀನು 1". ಈಗ 15. ಬೆರಳು ಮಡಚಿ ಎಣಿಸಿದೆ. ಹದಿನೈದು ದಿನ, ಹದಿನೈದು ದಿನ, ಹದಿಮೂರು ದಿನ.

ಜೂನ್ ಹಾಳೆ ತಿರುಗಿಸಿದೆ. 19ರ ಮನೆಯಲ್ಲಿ ಚಿಕ್ಕದಾಗಿ "ಕೈ ಕಚ್ಚಿತು" ಅಂತ ಇತ್ತು. ಯಾರ ಕೈ, ಯಾರು ಕಚ್ಚಿದ್ದು ಅಂತ ಕೇಳಿದರೆ ಅಳಿಯ ನಕ್ಕ. "ನನ್ನ ಕೈ ಮಾವ. ಗಾಜು ಉಜ್ಜುವಾಗ ದೊಡ್ಡ ಕ್ಲೌನ್ ಕಚ್ಚಿತ್ತು. ಆಯಿ ತಮಾಷೆಗೆ ಬರೆದದ್ದು."

ಟ್ಯಾಂಕಿನ ಯಾವ ಮೂಲೆಯಲ್ಲಿ? ಎಡಗಡೆ ಹಿಂದೆ, ಪೈಪಿನ ಹತ್ತಿರ.

ರಗಳೆ ಮಾಡುವ ಸ್ವಭಾವದ ಮೀನು ದಿನವೂ ರಗಳೆ ಮಾಡುತ್ತದೆ. ಎರಡು ವಾರಕ್ಕೊಮ್ಮೆ ಲೆಕ್ಕ ಹಾಕಿ ಬರುವುದಿಲ್ಲ. ಎರಡು ವಾರಕ್ಕೊಮ್ಮೆ ಬರುವುದು ಬೇರೇನೋ.

ಆ ಸಂಜೆ ಜೋರು ಮಳೆ ಬಂದು ಕರೆಂಟ್ ಹೋಯಿತು. ಪಂಪ್, ನೀರಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಎಲ್ಲ ನಿಂತು ಮನೆ ಸ್ತಬ್ಧ. ಬ್ಯಾಟರಿ ಏರ್ ಪಂಪ್ ಹುಡುಕುತ್ತಾ ಟ್ಯಾಂಕಿನ ಪಕ್ಕ ಬಗ್ಗಿದ್ದೆ. ಒಳಗಿನಿಂದ ಟಿಕ್, ಟಿಕ್‌ಟಿಕ್ ಅಂತ ಸದ್ದು. ಉಗುರಿನಿಂದ ಗಾಜು ತಟ್ಟಿದ ಹಾಗೆ. ಕ್ಲೌನ್ ಮೀನು ಎದುರಾಳಿಯನ್ನು ಬೆದರಿಸುವಾಗ ದವಡೆ ಪಟ್ಟನೆ ಮುಚ್ಚಿ ಹಲ್ಲು ಕಡಿದು ಈ ಸದ್ದು ಮಾಡುತ್ತದೆ. ಓದಿದ್ದೆ, ಕೇಳಿದ್ದು ಅವತ್ತೇ ಮೊದಲು. ಪಂಪಿನ ಗುಂಯ್ ಸದ್ದಿನಲ್ಲಿ ಯಾರಿಗೂ ಕೇಳಿರಲಿಲ್ಲ.

ಟಾರ್ಚ್ ಹಾಕಿ ಪೈಪಿನ ಹಿಂದೆ ನೋಡಿದೆ. ಹಿಂಬದಿ ಗಾಜಿನ ಮೇಲೆ, ತಳದಿಂದ ನಾಲ್ಕು ಬೆರಳು ಮೇಲೆ, ಕಿತ್ತಳೆ ಬಣ್ಣದ ಮಚ್ಚೆ. ಅಕ್ಕಿಕಾಳಿಗಿಂತ ಚಿಕ್ಕ ಮೊಟ್ಟೆಗಳು, ನೂರಾರು, ಒತ್ತೊತ್ತಾಗಿ. ಚಿಕ್ಕ ಕ್ಲೌನ್ ಅವಕ್ಕೆ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ದೊಡ್ಡದು ಟಾರ್ಚಿನ ಬೆಳಕಿಗೇ ನುಗ್ಗಿ ಬಂತು.

ಕ್ಲೌನ್ ಮೀನಿನ ಸಂಸಾರ ಸ್ವಲ್ಪ ವಿಚಿತ್ರ. ಎಲ್ಲ ಗಂಡಾಗಿಯೇ ಶುರು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡ. ಮೊಟ್ಟೆಯನ್ನು ತೊಳೆದು, ಗಾಳಿ ಹಾಕಿ, ಹಾಳಾದದ್ದನ್ನು ಹೆಕ್ಕುವುದು ಹೆಚ್ಚಾಗಿ ಗಂಡಿನ ಕೆಲಸ. ಗಡಿ ಕಾಯುವುದು ಹೆಣ್ಣಿನದು. 27 ಡಿಗ್ರಿಯಲ್ಲಿ ಏಳೆಂಟು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಅದೂ ಕತ್ತಲಾದ ಮೇಲೆ. ಕೆಲವು ದಿನ ಬಿಟ್ಟು ಮತ್ತೆ ಮೊಟ್ಟೆ. ಹೊಂದಿಕೊಂಡ ಜೋಡಿ ಸುಮಾರು ಎರಡು ವಾರಕ್ಕೊಮ್ಮೆ ಇಡುತ್ತದೆ. ಅಕ್ಕನ ಕ್ಯಾಲೆಂಡರ್ ಹೇಳಿದ್ದೂ ಅದನ್ನೇ.

ಹಾಗಾದರೆ 8ರಿಂದ 14ರವರೆಗಿನ ಶಾಂತಿ? ಅದು ಸಾರ್ಜೆಂಟ್ ಹೋದದ್ದರಿಂದ ಬಂದದ್ದಲ್ಲ. ಹಿಂದಿನ ಮೊಟ್ಟೆ ಒಡೆದು ಮುಗಿದು, ಮುಂದಿನದಕ್ಕೆ ಮುಂಚಿನ ಬಿಡುವು ಅಷ್ಟೇ. ನಾನು ಬೆನ್ನು ತಟ್ಟಿಕೊಂಡದ್ದು ಸುಮ್ನೆ.

ಸಾರ್ಜೆಂಟ್ ಪೂರ್ತಿ ಅಮಾಯಕ ಅಂತಲೂ ಹೇಳಲಾರೆ. ಹಿಡಿಯುವ ಮೊದಲು ಅಳಿಯ ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಇಪ್ಪತ್ತು ನಿಮಿಷದ ವಿಡಿಯೋ ಮಾಡಿದ್ದ. ಎಲ್ಲರೂ ಹೊರಗೆ ಹೋಗಿದ್ದರು. ಇದು ಒಳ್ಳೆಯ ಅಭ್ಯಾಸ. ಮನುಷ್ಯರು ಎದುರಿಗಿದ್ದರೆ ಮೀನು ಆಹಾರ ಬೇಡುವುದರಲ್ಲೇ ಇರುತ್ತದೆ, ನಿಜವಾದ ನಡವಳಿಕೆ ಕಾಣುವುದಿಲ್ಲ. ಆ ವಿಡಿಯೋವನ್ನು ಆಗ ನಾನು ಎರಡು ನಿಮಿಷ ನೋಡಿ ಬಿಟ್ಟಿದ್ದೆ. ಈಗ ಪೂರ್ತಿ ನೋಡಿದೆವು. ಈ ಸಲ ಯಾರು ಓಡಿಸುತ್ತಾರೆ ಅಂತ ನೋಡಲಿಲ್ಲ, ಓಟ ಎಲ್ಲಿ ನಿಲ್ಲುತ್ತದೆ ಅಂತ ನೋಡಿದೆವು. ಸಾರ್ಜೆಂಟ್ ಬಲಗಡೆಯ ತನ್ನ ಕಲ್ಲಿನಿಂದ ಒಂದಡಿ ದೂರ ಓಡಿಸಿ ವಾಪಸ್ ಬರುತ್ತಿತ್ತು. ಬೆದರಿಕೆ, ಕಚ್ಚುವುದಿಲ್ಲ. ಕ್ಲೌನ್ ಹಾಗಲ್ಲ. ಎಡಗಡೆ ಕಾಲಿಟ್ಟ ಕ್ರೋಮಿಸನ್ನು ನೀರಿನ ಮೇಲ್ಮೈವರೆಗೆ ಅಟ್ಟಿ, ಮೂಲೆಗೆ ಒತ್ತಿ, ಅಲ್ಲೂ ಬಿಡುತ್ತಿರಲಿಲ್ಲ. ಬಲಗಡೆ ಒಬ್ಬ ಜಮೀನ್ದಾರ, ಎಡಗಡೆ ಒಬ್ಬಳು. ನಡುವೆ ಒಂದೂವರೆ ಅಡಿಯಲ್ಲಿ ಕ್ರೋಮಿಸ್‌ಗಳ ಬಾಳು.

ಸಾರ್ಜೆಂಟ್ ಹೋದ ಮೇಲೆ ಏನಾಯಿತು ಅಂದರೆ, ಒಬ್ಬಳೇ ಜಮೀನ್ದಾರಳು ಉಳಿದಳು. ಅವಳನ್ನು ತಡೆಯುವವರು ಯಾರೂ ಇಲ್ಲ. ಸಾಲದ್ದಕ್ಕೆ ನಾನು ಕಲ್ಲು ಬದಲಿಸುವಾಗ ಆ ಮೂಲೆಯ ಎದುರಿಗಿದ್ದ ದೊಡ್ಡ ಕಲ್ಲನ್ನು ತೆಗೆದು ಬಲಕ್ಕೆ ಇಟ್ಟಿದ್ದೆ, ಅಲ್ಲಿ ಚಂದ ಕಾಣುತ್ತದೆ ಅಂತ. ಆ ಕಲ್ಲು ಅವಳ ಮನೆಯ ಗೋಡೆಯಾಗಿತ್ತು. ಗೋಡೆ ಇದ್ದಾಗ ಆಚೆ ಹೋಗುವವರು ಅವಳಿಗೆ ಕಾಣುತ್ತಿರಲಿಲ್ಲ. ಈಗ ಮೊಟ್ಟೆಯ ಪಕ್ಕ ನಿಂತರೆ ನಾಲ್ಕಡಿ ಟ್ಯಾಂಕ್ ಪೂರ್ತಿ ಕಾಣುತ್ತದೆ. ಕಂಡವರೆಲ್ಲ ಕಳ್ಳರು. ಇದು ನನ್ನ ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಹೆಂಚು

ಕಚ್ಚಿಸಿಕೊಂಡ ಕ್ರೋಮಿಸನ್ನು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಟ್ಯಾಂಕಿನೊಳಗೇ ತೇಲಿಸಿದೆವು. ಔಷಧಿ ಹಾಕಲಿಲ್ಲ. ಶುದ್ಧ ನೀರು, ಹೊಟ್ಟೆ ತುಂಬ ಆಹಾರ, ಬೆದರಿಸುವವರಿಲ್ಲ, ಇಷ್ಟಕ್ಕೇ ಬಾಲ ಎರಡು ವಾರದಲ್ಲಿ ಚಿಗುರಿತು.

ಭಾವನ ಸಲಹೆ ನೇರವಾಗಿತ್ತು. "ಆ ಹೆಣ್ಣನ್ನೇ ತೆಗೆದುಬಿಡುವ." ತೆಗೆದರೆ ಉಳಿದ ಗಂಡೇ ಹೆಣ್ಣಾಗುತ್ತದೆ ಭಾವ, ಅದಕ್ಕೊಂದು ಜೊತೆ ತಂದರೆ ಮತ್ತೆ ಇದೇ ಕಥೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಎಂತಾ ಮೀನು ಮಾರಾಯಾ ಇದು" ಅಂದರು.

ಅಳಿಯನ ಸಲಹೆ ಇನ್ನೊಂದು. ಮೊಟ್ಟೆಯನ್ನೇ ಉಜ್ಜಿ ತೆಗೆದರೆ? ತೆಗೆಯಬಹುದು. ಆದರೆ ಮತ್ತೆ ಇಡುತ್ತದೆ. ಮರಿ ಸಾಕುವ ಆಸೆಯೂ ಅವನಿಗಿತ್ತು. ಅದು ಅಷ್ಟು ಸುಲಭವಲ್ಲ. ಹುಟ್ಟಿದ ಮರಿಗೆ ರೋಟಿಫರ್ ಎಂಬ ಕಣ್ಣಿಗೆ ಕಾಣದ ಜೀವಿಯೇ ಆಹಾರ, ಅದನ್ನು ಬೇರೆ ಬೆಳೆಸಬೇಕು. ತಮಿಳುನಾಡಿನ ಮಂಡಪಂನಲ್ಲಿ ಸಿಎಂಎಫ್‌ಆರ್‌ಐನವರು (ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಮಾಡಿ ತೋರಿಸಿದ್ದಾರೆ, ಆದರೆ ಅವರಿಗೆ ಒಂಬತ್ತನೇ ಕ್ಲಾಸಿನ ಪರೀಕ್ಷೆ ಇರಲಿಲ್ಲ.

ಗೋಡೆ ವಾಪಸ್ ಕಟ್ಟಬೇಕಿತ್ತು. ಇನ್ನೂ ನಾಲ್ಕು ಕಲ್ಲು ಬೇಕು ಅಂದಾಗ ಭಾವ, ನೇತ್ರಾಣಿ ದ್ವೀಪದ ಕಡೆ ಹೋಗುವವರ ಹತ್ತಿರ ಹವಳದ ಕಲ್ಲು ತರಿಸುವ ಅಂದರು. ಬೇಡವೇ ಬೇಡ ಅಂದೆ. ದಂಡೆ ಕಟ್ಟುವ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಅಂಗಳದಲ್ಲಿ ಬಿದ್ದಿದ್ದ ಚಿರೆಕಲ್ಲೂ ಆಗುವುದಿಲ್ಲ, ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಕೊನೆಗೆ ಒಗ್ಗಿದ್ದು ಹಳೇ ಮಂಗಳೂರು ಹೆಂಚು. ಒಡೆದ ತುಂಡುಗಳನ್ನು ಬ್ರಶ್‌ನಿಂದ ತಿಕ್ಕಿ, ಕುದಿಸಿ, ಎರಡು ದಿನ ನೀರಲ್ಲಿ ನೆನೆಸಿಟ್ಟೆವು.

ಮೊಟ್ಟೆ ಒಡೆಯುವವರೆಗೆ ಆ ಮೂಲೆ ಮುಟ್ಟಲಿಲ್ಲ. 22ರ ರಾತ್ರಿ ಒಡೆಯಿತು. ಮರುದಿನ ದೊಡ್ಡ ಕಲ್ಲನ್ನು ಮೊದಲಿನ ಜಾಗಕ್ಕೇ ತಂದೆ. ಅದರ ಪಕ್ಕ ಹೆಂಚಿನ ತುಂಡು ನಿಲ್ಲಿಸಿ ಎಡಗಡೆಯ ಹದಿನೈದು ಇಂಚನ್ನು ಕೋಣೆಯ ಹಾಗೆ ಮಾಡಿದೆ. ಒಳಗೆ ಗಾಜಿಗೆ ಒರಗಿಸಿ ಇನ್ನೊಂದು ಹೆಂಚು, ಮೊಟ್ಟೆ ಇಡಲಿ ಅಂತ. ಬಲಗಡೆ ಉಳಿದ ಕಲ್ಲುಗಳಿಂದ ಬೇರೆಯೇ ಗುಡ್ಡೆ, ಆಚೆ ಈಚೆ ದಾರಿ ಇರುವ ಪೊಟರೆಗಳ ಸಮೇತ. ಒಂದೇ ಬಾಯಿಯ ಪೊಟರೆ ಓಡಿ ಬಂದ ಮೀನಿಗೆ ಅಡಗುತಾಣವಲ್ಲ, ಬೋನು.

ಆಹಾರದ ಕ್ರಮವನ್ನೂ ಬದಲಿಸಿದೆವು. ಮೊದಲು ಸಂಜೆ ಒಂದೇ ಸಲ, ಒಂದೇ ಜಾಗದಲ್ಲಿ ಹಾಕುತ್ತಿದ್ದರು. ಈಗ ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ, ಎರಡೂ ತುದಿಗೆ ಒಟ್ಟಿಗೇ. ಮಾರ್ಕೆಟ್ಟಿನ ಸಿಗಡಿ, ಬಳಚು ತಂದು, ತೊಳೆದು, ಫ್ರೀಜರ್‌ನಲ್ಲಿಟ್ಟು, ಸಾಸಿವೆ ಕಾಳಿನಷ್ಟು ಕೊಚ್ಚಿ. ಎಡಗಡೆಯವಳಿಗೆ ಮನೆ ಬಾಗಿಲಲ್ಲೇ ಊಟ ಸಿಕ್ಕರೆ ಬಲಕ್ಕೆ ಬರುವ ಕೆಲಸವೇ ಇಲ್ಲ.

ಆಗಸ್ಟ್ 29ಕ್ಕೆ ಮತ್ತೆ ಮೊಟ್ಟೆ. ಹೆಂಚಿಗೆ ಕ್ಯಾರೇ ಅನ್ನಲಿಲ್ಲ, ಅದೇ ಗಾಜಿನ ಮೇಲೇ ಇಟ್ಟಿತು. ಆದರೆ ಓಟ ಗೋಡೆಯ ಹತ್ತಿರ ನಿಂತಿತು. ಕ್ರೋಮಿಸ್ ಗೋಡೆ ದಾಟಿ ಆಚೆ ಹೋದ ಕೂಡಲೇ ಅವಳು ತಿರುಗಿ ವಾಪಸ್. ಬಾಲ ಹರಿಯಲಿಲ್ಲ. ಸೆಪ್ಟೆಂಬರ್ 13ರ ಸಲ ಹೆಂಚಿನ ಮೇಲೆ ಇಟ್ಟಿತು. ಗಾಜು ಉಜ್ಜುವಾಗ ಮಾತ್ರ ಕೈ ಹಾಕುವ ಹಾಗಿಲ್ಲ. ಅಕ್ಕ ಈಗ ಆ ಮೂಲೆಗೆ ಆಯಸ್ಕಾಂತದ ಬ್ರಶ್ ಬಳಸುತ್ತಾಳೆ.

ಸಾರ್ಜೆಂಟ್ ಏನಾಯಿತು? ಹಿಡಿದ ಜಾಗದಲ್ಲೇ ಬಿಡುವ ಅಂತ ಅಳಿಯ ಹಟ ಹಿಡಿದ. ಮಾಜಾಳಿಯ ಮೀನು ಮಾಜಾಳಿಗೆ, ಕೇಳಲು ನ್ಯಾಯವೇ. ಆದರೆ ಒಂದು ವರ್ಷ ಅಂಗಡಿಯಿಂದ ತಂದ ಮೀನುಗಳ ಜೊತೆ ಒಂದೇ ನೀರಲ್ಲಿ ಇದ್ದದ್ದು. ಎಲ್ಲಿಂದಲೋ ಬಂದ ಪರಾವಲಂಬಿ, ರೋಗ ಅದರ ಮೈಮೇಲೆ ಇದ್ದರೆ ನಮ್ಮ ದಡಕ್ಕೆ ನಾವೇ ತಂದು ಬಿಟ್ಟ ಹಾಗೆ. ಟ್ಯಾಂಕಿನ ಮೀನು ಸಮುದ್ರಕ್ಕೆ ವಾಪಸ್ ಹೋಗಬಾರದು. ಅಕ್ಕನ ಟ್ಯಾಂಕಿಗೂ ವಾಪಸ್ ಹಾಕಲಿಲ್ಲ. ಆರು ಇಂಚಾಗುವ ಮೀನಿಗೂ ಮೊಟ್ಟೆ ಇಡುವ ಕ್ಲೌನ್‌ಗೂ ನಾಲ್ಕಡಿ ಒಟ್ಟಿಗೆ ಸಾಲುವುದಿಲ್ಲ, ಗೋಡೆ ಎಷ್ಟೇ ಕಟ್ಟಲಿ.

ಈಗ ಅದು ನನ್ನ ಮನೆಯ ಐದಡಿ ಟ್ಯಾಂಕಿನಲ್ಲಿ ಒಬ್ಬನೇ ಇದೆ. ಬೆಳಿಗ್ಗೆ ನಾನು ಚಹಾ ಹಿಡಿದು ಬಂದರೆ ಗಾಜಿನ ಹತ್ತಿರ ಬಂದು ನಿಲ್ಲುತ್ತದೆ. ಅಳಿಯ ಭಾನುವಾರ ಬರುವಾಗ ಸಿಗಡಿ ಚೂರು ಡಬ್ಬಿಯಲ್ಲಿ ತರುತ್ತಾನೆ. ಅಕ್ಕನ ಟ್ಯಾಂಕಿಗೆ ಹೊಸ ಮೀನು ಯಾವಾಗ ಅಂತ ಕೇಳುತ್ತಿರುತ್ತಾನೆ. ದೀಪಾವಳಿ ಕಳೆಯಲಿ, ಸಮುದ್ರದ ನೀರು ತಿಳಿಯಾಗಲಿ, ಆಮೇಲೆ ಕ್ಯಾಲೆಂಡರ್ ನೋಡಿ, ಮೊಟ್ಟೆ ಇಲ್ಲದ ವಾರದಲ್ಲಿ ತರುವ ಅಂದಿದ್ದೇನೆ.